ಬರ್ಲಿನ್ 1946: ಗೂಢಚಾರ ಕಥೆಯಲ್ಲಿ ಬಂದೂಕಿಗಿಂತ ಕಾಗದಕ್ಕೇ ಬೆಲೆ ಜಾಸ್ತಿ

ಪ್ರಶ್ನೆ: ಎರಡನೇ ಮಹಾಯುದ್ಧ ಮುಗಿದ ಮೇಲಿನ ಬರ್ಲಿನ್, ವಿಯೆನ್ನಾಗಳಲ್ಲಿ ನಡೆಯುವ ಗೂಢಚಾರ-ಪತ್ತೇದಾರಿ ಸರಣಿಗಳೆಂದರೆ ನನಗೆ ಹುಚ್ಚು. ಸಿಗರೇಟೇ ದುಡ್ಡಾಗಿದ್ದು, ಬೀದಿಯಿಂದಲೇ ಜನರನ್ನು ಎತ್ತಿಕೊಂಡು ಹೋಗಿದ್ದು, ಸುರಂಗ ಕೊರೆದು ಫೋನ್ ಕದ್ದು ಕೇಳಿದ್ದು, ಮೊನ್ನೆ ಮೊನ್ನೆಯ ನಾಜಿಗಳು ಅಮೆರಿಕನ್ನರ ಕೆಲಸಕ್ಕೆ ಸೇರಿದ್ದು, ಇದರಲ್ಲಿ ನಿಜ ಎಷ್ಟು, ಕಟ್ಟುಕಥೆ ಎಷ್ಟು? ಇಂಥದ್ದೊಂದು ಸರಣಿಯನ್ನು ಕನ್ನಡದಲ್ಲಿ ನಾನೇ ಬರೆಯಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ? ಅದರಲ್ಲಿ ಒಬ್ಬ ಭಾರತೀಯನಿಗೆ ಜಾಗ ಸಿಗಬಹುದೇ?

ಉತ್ತರ: ನೀವು ಹೇಳಿದ ನಾಲ್ಕೂ ನಿಜ. ನಡೆದದ್ದು ಎಷ್ಟೋ ಸಲ ಕಾದಂಬರಿಗಿಂತ ವಿಚಿತ್ರವಾಗಿದೆ. ಇಂಥ ಸರಣಿಗಳು ಎಡವುವ ಜಾಗವೇ ಬೇರೆ. ಕತ್ತಲ ಓಣಿ, ಹಿಂಬಾಲಿಸುವ ಕಾರು, ಕೋಟಿನೊಳಗಿನ ಪಿಸ್ತೂಲು ಇವುಗಳ ಹಿಂದೆ ಬಿದ್ದು, ಆ ಊರಿನ ಅಸಲಿ ರಹಸ್ಯವನ್ನೇ ಬಿಟ್ಟುಬಿಡುತ್ತವೆ. ಯಾರು ಕೊಂದರು ಎಂಬ ಪ್ರಶ್ನೆ 1945ರ ಬರ್ಲಿನ್‌ನಲ್ಲಿ ಯಾರನ್ನೂ ಅಷ್ಟಾಗಿ ಕಾಡುತ್ತಿರಲಿಲ್ಲ. ಹೆಣಗಳನ್ನು ಅವರು ಬೇಕಾದಷ್ಟು ನೋಡಿದ್ದರು. ಎದುರಿಗೆ ಕೂತವನು ನಿಜವಾಗಿ ಯಾರು ಅನ್ನುವುದೇ ದೊಡ್ಡ ಪ್ರಶ್ನೆ. ಊರ ದಾಖಲೆಗಳಲ್ಲಿ ಎಷ್ಟೋ ಸುಟ್ಟುಹೋಗಿದ್ದವು. ಯಾರು ಬೇಕಾದರೂ ಯಾರ ಹೆಸರನ್ನಾದರೂ ಇಟ್ಟುಕೊಳ್ಳಬಹುದಿತ್ತು. ಹಾಗಾಗಿ ಒಂದು ತುಂಡು ಕಾಗದ ಮನುಷ್ಯನನ್ನು ಉಳಿಸುತ್ತಿತ್ತು, ಇಲ್ಲವೇ ನೇಣಿಗೆ ಹಾಕುತ್ತಿತ್ತು. ನಿಮ್ಮ ಸರಣಿಯ ಬೆನ್ನೆಲುಬು ಇದಾಗಲಿ ಎಂಬುದು ನನ್ನ ಸಲಹೆ.

ಮೊದಲು ಊರಿನ ನಕ್ಷೆ ನೋಡೋಣ. 1945ರ ಮೇ 2ರಂದು ಬರ್ಲಿನ್ ಸೋವಿಯತ್ ಸೇನೆಯ ವಶವಾಯಿತು. ಅಮೆರಿಕ, ಬ್ರಿಟನ್ ಸೇನೆಗಳು ಬಂದು ತಮ್ಮ ಪಾಲಿನ ಭಾಗ ವಹಿಸಿಕೊಂಡದ್ದು ಜುಲೈನಲ್ಲಿ. ಫ್ರೆಂಚರಿಗೆ ಪಾಲು ಸಿಕ್ಕಿದ್ದು ಇನ್ನೂ ತಡವಾಗಿ. ನಡುವಿನ ಎರಡು ತಿಂಗಳು ಇಡೀ ಊರು ರಷ್ಯನ್ನರದ್ದೇ. ಯಾವ ಕಾರ್ಖಾನೆಯ ಯಂತ್ರ ಬಿಚ್ಚಿ ರೈಲಿಗೆ ತುಂಬಬೇಕು, ಯಾವ ಕಚೇರಿಯ ಕಪಾಟು ಒಡೆಯಬೇಕು, ಯಾರನ್ನು ಯಾವ ಕುರ್ಚಿಯಲ್ಲಿ ಕೂರಿಸಬೇಕು, ಎಲ್ಲ ಅವರದೇ ತೀರ್ಮಾನ. ಯುದ್ಧಕ್ಕೆ ಮೊದಲು 43 ಲಕ್ಷ ಜನರಿದ್ದ ಊರಲ್ಲಿ ಆಗ ಉಳಿದವರು ಸುಮಾರು 28 ಲಕ್ಷ. ಅವರಲ್ಲಿ ಹೆಂಗಸರೇ ಜಾಸ್ತಿ.

ನಿಮ್ಮ ನಾಯಕ ಪೊಲೀಸ್ ಆಗಿದ್ದರೆ ಇಲ್ಲೊಂದು ಚಿನ್ನದ ಗಣಿ ಇದೆ. ರಷ್ಯನ್ನರು ಬರ್ಲಿನ್ ಪೊಲೀಸ್ ಮುಖ್ಯಸ್ಥನನ್ನಾಗಿ ಕೂರಿಸಿದ್ದು ಪಾಲ್ ಮಾರ್ಕ್‌ಗ್ರಾಫ್ ಎಂಬವನನ್ನು. ಅವನು ಹಿಟ್ಲರನ ಸೇನೆಯ ಅಧಿಕಾರಿ. ಸ್ಟಾಲಿನ್‌ಗ್ರಾಡ್‌ನಲ್ಲಿ ಸೆರೆಸಿಕ್ಕು, ಅಲ್ಲಿ ಪಕ್ಷ ಬದಲಿಸಿ, ಕಮ್ಯುನಿಸ್ಟರ ಜೊತೆ ವಾಪಸು ಬಂದವನು. ಮೂರು ವರ್ಷ ಊರಿಗೆಲ್ಲ ಅವನದೇ ಪೊಲೀಸ್ ಪಡೆ. 1948ರ ಬೇಸಿಗೆಯಲ್ಲಿ ನಗರಾಡಳಿತ ಅವನನ್ನು ಅಮಾನತು ಮಾಡಿ ಯೊಹಾನೆಸ್ ಸ್ಟುಮ್ ಎಂಬವನನ್ನು ನೇಮಿಸಿತು. ಮಾರ್ಕ್‌ಗ್ರಾಫ್ ಕುರ್ಚಿ ಬಿಡಲಿಲ್ಲ. ಅಲ್ಲಿಗೆ ಒಂದೇ ಊರಿಗೆ ಎರಡು ಪೊಲೀಸ್ ಪಡೆ. ಕೊಲೆಯಾದವನ ಹೆಣ ಒಂದು ಪಡೆಯ ಕೈಯಲ್ಲಿ, ಸಾಕ್ಷಿ ಇನ್ನೊಂದು ಪಡೆಯ ಬೀದಿಯಲ್ಲಿ. ಇದಕ್ಕಿಂತ ಒಳ್ಳೆಯ ತೊಡಕನ್ನು ಕಥೆಗಾರ ಕೂತು ಹೆಣೆಯಬೇಕಾಗಿಲ್ಲ.

ಗೋಡೆ ವಿಷಯದಲ್ಲಿ ಹುಷಾರು. ಬರ್ಲಿನ್ ಗೋಡೆ ಎದ್ದದ್ದು 1961ರ ಆಗಸ್ಟ್ 13ರಂದು. ಅದಕ್ಕೆ ಮೊದಲು ಒಂದು ಟಿಕೆಟ್ ತಗೊಂಡು ನಗರ ರೈಲು ಹತ್ತಿದರೆ ಸೋವಿಯತ್ ಭಾಗದಿಂದ ಅಮೆರಿಕನ್ ಭಾಗಕ್ಕೆ ಹೋಗಬಹುದಿತ್ತು. ರಸ್ತೆಯಲ್ಲಿ ಒಂದು ಫಲಕ ಇರುತ್ತಿತ್ತು, ಅಲ್ಲಲ್ಲಿ ತಪಾಸಣೆ ಇರುತ್ತಿತ್ತು, ಅಷ್ಟೇ. ಗೂಢಚಾರರಿಗೆ ಬರ್ಲಿನ್ ಅಷ್ಟು ಇಷ್ಟವಾಗಿದ್ದಕ್ಕೆ ಕಾರಣವೇ ಇದು. ಬೆಳಿಗ್ಗೆ ಪೂರ್ವದಲ್ಲಿ ಕಚೇರಿ, ಸಂಜೆ ಪಶ್ಚಿಮದಲ್ಲಿ ಸಿನಿಮಾ. ನಡುವೆ ಯಾರನ್ನು ಕಂಡೆ ಅಂತ ಯಾರಿಗೂ ಲೆಕ್ಕ ಕೊಡಬೇಕಾಗಿರಲಿಲ್ಲ.

ಇನ್ನೊಂದು ಸಾಮಾನ್ಯ ಎಡವಟ್ಟು ಸಂಸ್ಥೆಗಳ ಹೆಸರು. 1946ರ ಕಥೆಯಲ್ಲಿ ಸಿಐಎ, ಕೆಜಿಬಿ ಅಂತ ಬಂದರೆ ತಿಳಿದ ಓದುಗ ಅಲ್ಲೇ ಪುಸ್ತಕ ಮುಚ್ಚುತ್ತಾನೆ. ಯುದ್ಧಕಾಲದ ಅಮೆರಿಕನ್ ಗುಪ್ತಚರ ಸಂಸ್ಥೆ ಓಎಸ್‌ಎಸ್ 1945ರ ಅಕ್ಟೋಬರ್ 1ಕ್ಕೆ ಮುಚ್ಚಿತು. ಸಿಐಎ ಹುಟ್ಟಿದ್ದು 1947ರ ಸೆಪ್ಟೆಂಬರ್‌ನಲ್ಲಿ. ನಡುವಿನ ಎರಡು ವರ್ಷ ಹೆಸರು ಬದಲಾಗುತ್ತಲೇ ಇತ್ತು, ಜನ ಕಡಿಮೆ, ಅರ್ಧಕ್ಕರ್ಧ ಮಂದಿಗೆ ಮನೆಗೆ ಹೋಗುವ ಆತುರ. ರಷ್ಯನ್ನರ ಕಡೆ ಕೆಜಿಬಿ ಅನ್ನುವ ಹೆಸರು ಬಂದದ್ದು 1954ರ ಮಾರ್ಚ್‌ನಲ್ಲಿ. 1946ರಿಂದ 53ರವರೆಗೆ ಅದು ಎಂಜಿಬಿ. ಪೂರ್ವ ಜರ್ಮನಿಯ ಸ್ಟಾಸಿ ಶುರುವಾದದ್ದು 1950ರ ಫೆಬ್ರವರಿಯಲ್ಲಿ, ಏಕೆಂದರೆ ಪೂರ್ವ ಜರ್ಮನಿ ಎಂಬ ದೇಶವೇ 1949ರ ಅಕ್ಟೋಬರ್‌ವರೆಗೆ ಇರಲಿಲ್ಲ. ವಿಳಾಸಗಳು ಮಾತ್ರ ಬದಲಾಗಲಿಲ್ಲ. ಅಮೆರಿಕನ್ನರದ್ದು ಡಾಲೆಮ್ ಬಡಾವಣೆಯ ಬಂಗಲೆಗಳು, ರಷ್ಯನ್ನರದ್ದು ಕಾರ್ಲ್ಸ್‌ಹೋರ್ಸ್ಟ್. ಈ ಎರಡು ಜಾಗದ ಹೆಸರು ಬಂದರೆ ಸಾಕು, ಅಲ್ಲಿನ ಜನಕ್ಕೆ ವಿಷಯ ತಿಳಿಯುತ್ತಿತ್ತು.

ಈಗ ಹೊಟ್ಟೆ ಪಾಡು. ಬರ್ಲಿನ್‌ನಲ್ಲಿ ಐದು ದರ್ಜೆಯ ರೇಷನ್ ಕಾರ್ಡ್ ಇತ್ತು. ಮೈಮುರಿದು ದುಡಿಯುವವರಿಗೆ ಮೊದಲ ದರ್ಜೆ. ಮುದುಕರು, ಗೃಹಿಣಿಯರು, ಕೆಲಸ ಇಲ್ಲದವರು, ಹಳೆಯ ನಾಜಿ ಸದಸ್ಯರು ಎಲ್ಲ ಐದನೆಯದಕ್ಕೆ. ಐದನೆಯ ಕಾರ್ಡಿಗೆ ದಿನಕ್ಕೆ 300 ಗ್ರಾಂ ಬ್ರೆಡ್, 20 ಗ್ರಾಂ ಮಾಂಸ, 7 ಗ್ರಾಂ ಕೊಬ್ಬು, ಸ್ವಲ್ಪ ಆಲೂಗಡ್ಡೆ. ಅದೂ ಸಿಕ್ಕಿದರೆ. ಊರವರು ಅದನ್ನು ಸ್ಮಶಾನದ ಕಾರ್ಡ್ ಅನ್ನುತ್ತಿದ್ದರು. ಕಲ್ಲುಮಣ್ಣು ಹೊರುವ ಕೆಲಸಕ್ಕೆ ಹೆಂಗಸರು ಸಾಲುಗಟ್ಟಿದ್ದಕ್ಕೆ ದೇಶಪ್ರೇಮಕ್ಕಿಂತ ದೊಡ್ಡ ಕಾರಣ ಇದೇ. ಆ ಕೆಲಸ ಮಾಡಿದರೆ ಮೇಲಿನ ದರ್ಜೆಯ ಕಾರ್ಡ್ ಸಿಗುತ್ತಿತ್ತು. 1946-47ರ ಚಳಿಗಾಲ ಭೀಕರವಾಗಿತ್ತು. ನಗರದ ನಡುವಿನ ಟಿಯರ್‌ಗಾರ್ಟನ್ ಉದ್ಯಾನದ ಮರಗಳು ಒಲೆಗೆ ಹೋದವು. ಬಯಲಾದ ಜಾಗದಲ್ಲಿ ಜನ ತರಕಾರಿ ಬೆಳೆದರು. ಇಂಥ ಊರಲ್ಲಿ ಗೂಢಚಾರನನ್ನು ಕೊಳ್ಳಲು ಸ್ವಿಸ್ ಬ್ಯಾಂಕಿನ ಖಾತೆ ಬೇಡ. ಒಂದು ಡಬ್ಬಿ ಕಾಫಿಪುಡಿ, ಮಗುವಿಗೆ ಪೆನಿಸಿಲಿನ್, ಇಷ್ಟು ಸಾಕು.

ಸಿಗರೇಟಿನ ಕಥೆಯೂ ಹೀಗೇ. ಹಳೆಯ ಮಾರ್ಕ್ ನೋಟಿಗೆ ಬೆಲೆ ಇರಲಿಲ್ಲ. ಕಾಳಸಂತೆಯಲ್ಲಿ ಅಮೆರಿಕನ್ ಸಿಗರೇಟಿನ ಒಂದು ಕಾರ್ಟನ್ನಿಗೆ ಕಾರ್ಮಿಕನೊಬ್ಬನ ಹಲವು ತಿಂಗಳ ಸಂಬಳ ಕೊಡಬೇಕಿತ್ತು. ಅದನ್ನು ಸೇದುವ ಮೂರ್ಖ ಯಾರೂ ಇರಲಿಲ್ಲ, ಕೈಯಿಂದ ಕೈಗೆ ದಾಟುತ್ತಿತ್ತು. ಇದರ ಜೊತೆಗೆ ಒಂದು ಸಣ್ಣ ವಿವರ ಹೇಳುತ್ತೇನೆ. ಮಿತ್ರರಾಷ್ಟ್ರಗಳು ಆಕ್ರಮಿತ ಜರ್ಮನಿಗಾಗಿ ಒಂದು ವಿಶೇಷ ಮಾರ್ಕ್ ನೋಟು ಅಚ್ಚು ಹಾಕಿದ್ದವು. ಅಮೆರಿಕ ಅದರ ಅಚ್ಚಿನ ಫಲಕಗಳನ್ನು ರಷ್ಯನ್ನರಿಗೂ ಕೊಟ್ಟಿತ್ತು. ರಷ್ಯನ್ನರು ಕೈ ಬಿಗಿ ಹಿಡಿಯದೆ ಅಚ್ಚು ಹಾಕಿದರು. ಎಷ್ಟೋ ವರ್ಷದ ಸಂಬಳ ಬಾಕಿಯಿದ್ದ ಸೋವಿಯತ್ ಸೈನಿಕರ ಜೇಬಿಗೆ ಒಮ್ಮೆಲೇ ಅದು ಬಂತು, ಅವರು ಅಮೆರಿಕನ್ ಸೈನಿಕರಿಂದ ಕೈಗಡಿಯಾರ ಕೊಂಡರು. 1945ರ ಬೇಸಿಗೆಯಲ್ಲಿ ಬರ್ಲಿನ್‌ನ ಅಮೆರಿಕನ್ ಸೈನಿಕರು ತಮ್ಮ ಸಂಬಳಕ್ಕಿಂತ ಹಲವು ಪಟ್ಟು ಹಣ ಊರಿಗೆ ಕಳಿಸಿದರು. ರಷ್ಯನ್ನರು ಅಚ್ಚು ಹಾಕಿದ ನೋಟಿನ ಗುರುತು ಏನು ಗೊತ್ತೇ? ನಂಬರಿನ ಮುಂದೆ ಒಂದು ಚಿಕ್ಕ ಅಡ್ಡಗೆರೆ. ಸತ್ತವನ ಜೇಬಿನಲ್ಲಿ ಸಿಕ್ಕ ನೋಟಿಗೆ ಆ ಗೆರೆ ಇದೆಯೇ ಇಲ್ಲವೇ ಎನ್ನುವುದರ ಮೇಲೆ ಒಂದು ಇಡೀ ಅಧ್ಯಾಯ ನಿಲ್ಲುತ್ತದೆ. ಸುಮ್ನೆ ಬಿಡಬೇಡಿ ಇದನ್ನು.

ಒಂದು ಗಡುವು ಮಾತ್ರ ನೆನಪಿರಲಿ. 1948ರ ಜೂನ್ 20ರಂದು ಪಶ್ಚಿಮ ವಲಯಗಳಲ್ಲಿ ಹೊಸ ಮಾರ್ಕ್ ಬಂತು, ತಲೆಗೆ ಮೊದಲ ಕಂತು 40. ಅಂಗಡಿಗಳಲ್ಲಿ ಮರುದಿನವೇ ಸಾಮಾನು ಕಾಣಿಸಿಕೊಂಡಿತು, ಸಿಗರೇಟಿನ ರಾಜ್ಯಭಾರ ಮುಗಿಯಿತು. ಬರ್ಲಿನ್‌ನಲ್ಲಿ ಇದೇ ಜಗಳ ಮುಂದೆ ಹೋಗಿ, ಜೂನ್ 24ರಿಂದ ರಷ್ಯನ್ನರು ರಸ್ತೆ, ರೈಲು ಬಂದ್ ಮಾಡಿದರು. ವಿಮಾನದಲ್ಲಿ ಕಲ್ಲಿದ್ದಲು, ಹಿಟ್ಟು ತಂದು ಹಾಕಿದ ಕಥೆ ನಿಮಗೆ ಗೊತ್ತೇ ಇದೆ.

ಇನ್ನು ಕಾಗದಕ್ಕೆ ಬರೋಣ. ಹಳೆಯ ನಾಜಿಗಳನ್ನು ಪತ್ತೆ ಹಚ್ಚಲು ಅಮೆರಿಕನ್ನರು ಹುದ್ದೆಯಲ್ಲಿದ್ದವರ, ಹುದ್ದೆ ಬಯಸಿದವರ ಕೈಗೆ ಒಂದು ಪ್ರಶ್ನಾವಳಿ ಕೊಟ್ಟರು. ಅದರಲ್ಲಿ 131 ಪ್ರಶ್ನೆ. ಯಾವ ಸಂಘದಲ್ಲಿದ್ದೆ, ಯಾರಿಗೆ ಮತ ಹಾಕಿದೆ, ಮೈಮೇಲೆ ಗಾಯದ ಗುರುತು ಇದೆಯೇ, ಎಲ್ಲ ಬರೆಯಬೇಕು. ಸುಳ್ಳು ಬರೆದರೆ ಜೈಲು. ನಿಜ ಬರೆದರೆ ಕೆಲಸ ಹೋಗುತ್ತದೆ. ಹಾಗಾಗಿ ಜನ ಪಾದ್ರಿ, ಪಕ್ಕದ ಮನೆಯವರು, ಬದುಕುಳಿದ ಯಹೂದಿ ಪರಿಚಯಸ್ಥರ ಹತ್ತಿರ ಹೋಗಿ 'ಇವನು ಒಳ್ಳೆಯವನು' ಅಂತ ಪತ್ರ ಬರೆಸಿಕೊಂಡು ಬಂದರು. ಅಂಥ ಪತ್ರಕ್ಕೆ ಬಟ್ಟೆ ಸೋಪಿನ ಪುಡಿಯ ಬ್ರ್ಯಾಂಡೊಂದರ ಹೆಸರೇ ಅಂಟಿಕೊಂಡಿತು. ಪತ್ರಕ್ಕೂ ಕಾಳಸಂತೆಯಲ್ಲಿ ಬೆಲೆ ಇತ್ತು ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ?

ಈ ಸುಳ್ಳುಗಳನ್ನು ಹಿಡಿಯುವ ಸಾಧನ ಅಮೆರಿಕನ್ನರಿಗೆ ಸಿಕ್ಕ ಬಗೆ ನನಗೆ ತುಂಬ ಇಷ್ಟವಾದ ಪ್ರಸಂಗ. ಯುದ್ಧದ ಕೊನೆಯ ವಾರಗಳಲ್ಲಿ ನಾಜಿ ಪಕ್ಷ ತನ್ನ ಸದಸ್ಯರ ಕಾರ್ಡುಗಳನ್ನೆಲ್ಲ ಲಾರಿಗಳಲ್ಲಿ ತುಂಬಿ ಮ್ಯೂನಿಕ್ ಹೊರವಲಯದ ಒಂದು ಕಾಗದದ ಕಾರ್ಖಾನೆಗೆ ಕಳಿಸಿತು. ಅರೆದು ತಿರುಳು ಮಾಡಿ ಅಂತ ಆದೇಶ. ಕಾರ್ಖಾನೆಯವನು ಅರೆಯಲಿಲ್ಲ. ಬೇರೆ ರದ್ದಿಯ ಅಡಿಯಲ್ಲಿ ಮುಚ್ಚಿಟ್ಟ. ಅಮೆರಿಕನ್ ಸೇನೆ ಬಂದ ಮೇಲೆ ಅವನು ಹೇಳಿದರೂ ತಿಂಗಳುಗಟ್ಟಲೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕೊನೆಗೆ ಒಬ್ಬರಿಗೆ ಇದರ ಬೆಲೆ ಹೊಳೆಯಿತು. ಸುಮಾರು 1 ಕೋಟಿ 7 ಲಕ್ಷ ಕಾರ್ಡು! ಅವನ್ನು ಬರ್ಲಿನ್‌ಗೆ ತಂದು ಒಂದು ದಾಖಲೆ ಕೇಂದ್ರ ಮಾಡಿದರು. ಪ್ರಶ್ನಾವಳಿಯಲ್ಲಿ 'ನಾನು ಸದಸ್ಯನಲ್ಲ' ಅಂತ ಬರೆದವನ ಕಾರ್ಡು ಅಲ್ಲಿಂದ ಎದ್ದು ಬರುತ್ತಿತ್ತು. 1994ರವರೆಗೂ ಆ ಕೇಂದ್ರ ಅಮೆರಿಕನ್ನರ ಹಿಡಿತದಲ್ಲೇ ಇತ್ತು. ಯಾರ ಕಾರ್ಡನ್ನು ಹೊರಗೆ ತೆಗೆದರು, ಯಾರದ್ದನ್ನು ಒಳಗೇ ಇಟ್ಟರು ಎಂದು ನಿಮ್ಮ ಪಾತ್ರವೊಂದು ಕೇಳಲಿ. ಅಲ್ಲಿಂದ ಕಥೆ ತಾನಾಗಿ ನಡೆಯುತ್ತದೆ.

ಕಾಗದ ಸುಳ್ಳು ಹೇಳಿದಾಗ ದೇಹ ನಿಜ ಹೇಳುತ್ತಿತ್ತು. ನಾಜಿ ಪಕ್ಷದ ಎಸ್‌ಎಸ್ ಪಡೆಯವರಲ್ಲಿ ಬಹಳ ಮಂದಿಗೆ ಎಡತೋಳಿನ ಒಳಭಾಗದಲ್ಲಿ ರಕ್ತದ ಗುಂಪಿನ ಹಚ್ಚೆ ಇತ್ತು. ಸೆರೆಶಿಬಿರಗಳಲ್ಲಿ ಅಂಗಿ ಬಿಚ್ಚಿಸಿ ಕೈ ಎತ್ತಿಸುತ್ತಿದ್ದರು. ಯಹೂದಿಗಳ ಸಾಮೂಹಿಕ ಹತ್ಯೆಯನ್ನು ಸಂಘಟಿಸಿದ ಎಸ್‌ಎಸ್ ಅಧಿಕಾರಿ ಐಷ್‌ಮನ್ ಬೇರೆ ಹೆಸರಲ್ಲಿ ಅಮೆರಿಕನ್ ಶಿಬಿರದಲ್ಲಿದ್ದ. 1946ರ ಆರಂಭದಲ್ಲಿ ತಪ್ಪಿಸಿಕೊಂಡು ಉತ್ತರ ಜರ್ಮನಿಯ ಕಾಡಿನಲ್ಲಿ ಮರ ಕಡಿಯುವ ಕೆಲಸಕ್ಕೆ ಸೇರಿದ. 1950ರಲ್ಲಿ ರೆಡ್‌ಕ್ರಾಸ್ ಪ್ರಯಾಣಪತ್ರ ಹಿಡಿದು, ರಿಕಾರ್ಡೊ ಕ್ಲೆಮೆಂಟ್ ಆಗಿ, ಜಿನೋವಾದಿಂದ ಹಡಗು ಹತ್ತಿದ. ಮನೆ-ಮಠ ಕಳಕೊಂಡ ನಿರಾಶ್ರಿತರಿಗಾಗಿ ಮಾಡಿದ್ದ ಪತ್ರ ಅದು.

ನಾಜಿಗಳು ಅಮೆರಿಕನ್ನರ ಕೆಲಸಕ್ಕೆ ಸೇರಿದ್ದರ ಬಗ್ಗೆ ಕೇಳಿದ್ದೀರಿ. ರೈನ್‌ಹಾರ್ಡ್ ಗೆಹ್ಲೆನ್ ಹಿಟ್ಲರನ ಸೇನೆಯಲ್ಲಿ ಸೋವಿಯತ್ ಸೇನೆಯ ಮೇಲೆ ಕಣ್ಣಿಡುವ ವಿಭಾಗದ ಮುಖ್ಯಸ್ಥ. ಸೋಲು ಖಚಿತವಾದಾಗ ಕಡತಗಳ ನಕಲು ತೆಗೆಸಿ ಪೀಪಾಯಿಗಳಲ್ಲಿ ತುಂಬಿ ಆಲ್ಪ್ಸ್ ಬೆಟ್ಟದಲ್ಲಿ ಹೂತಿಟ್ಟ. ಮೇ 1945ರಲ್ಲಿ ಅಮೆರಿಕನ್ನರಿಗೆ ಶರಣಾಗಿ ಆ ಕಡತಗಳನ್ನೇ ಬಂಡವಾಳ ಮಾಡಿಕೊಂಡ. ಅವನನ್ನು ಅಮೆರಿಕಕ್ಕೆ ಕರೆದೊಯ್ದು, 1946ರಲ್ಲಿ ವಾಪಸು ತಂದು, ಒಂದು ಸಂಸ್ಥೆ ಕಟ್ಟಿಕೊಟ್ಟರು. 1956ರಲ್ಲಿ ಅದೇ ಪಶ್ಚಿಮ ಜರ್ಮನಿಯ ಅಧಿಕೃತ ಗುಪ್ತಚರ ಸಂಸ್ಥೆ ಬಿಎನ್‌ಡಿ ಆಯಿತು.

ಅವನ ಸಂಸ್ಥೆಗೆ ಹಳೆಯ ಎಸ್‌ಎಸ್ ಮಂದಿಯೂ ಸೇರಿದರು. ಅಮೆರಿಕನ್ನರ ಲೆಕ್ಕಾಚಾರ ಸರಳ: ಇವರು ಕಮ್ಯುನಿಸ್ಟರನ್ನು ದ್ವೇಷಿಸುತ್ತಾರೆ, ಹಾಗಾಗಿ ನಂಬಬಹುದು. ರಷ್ಯನ್ನರು ಇದನ್ನೇ ತಿರುಗಿಸಿ ನೋಡಿದರು. ಮುಚ್ಚಿಡಬೇಕಾದ ಹಳೆಯ ಪಾಪ ಇದ್ದವನನ್ನು ಹೆದರಿಸಿ ಬಗ್ಗಿಸಬಹುದು, ಸೋತ ಸಿಟ್ಟು ಇದ್ದವನನ್ನು ಪುಸಲಾಯಿಸಬಹುದು. ಹೈಂಜ್ ಫೆಲ್ಫೆ ಎಂಬ ಮಾಜಿ ಎಸ್‌ಎಸ್ ಅಧಿಕಾರಿ ಆ ಸಂಸ್ಥೆಯಲ್ಲಿ ಸೋವಿಯತ್ ಗೂಢಚಾರರನ್ನು ಹಿಡಿಯುವ ವಿಭಾಗದ ಮುಖ್ಯಸ್ಥನಾದ. 1961ರ ನವೆಂಬರ್‌ನಲ್ಲಿ ಸಿಕ್ಕಿಬಿದ್ದಾಗ ಗೊತ್ತಾಯಿತು, ಅವನೇ ಮಾಸ್ಕೋದ ಆಳು. ನನ್ನ ಅಭಿಪ್ರಾಯ ಕೇಳಿದರೆ, ಗೆಹ್ಲೆನ್ ಬುದ್ಧಿವಂತಿಕೆಯ ಬಗ್ಗೆ ಇರುವ ದಂತಕಥೆಯಲ್ಲಿ ಅರ್ಧ ಅವನೇ ಹಬ್ಬಿಸಿದ್ದು.

ಕ್ಲೌಸ್ ಬಾರ್ಬಿಯ ಪ್ರಕರಣ ಇನ್ನೂ ಕೆಟ್ಟದ್ದು. ಫ್ರಾನ್ಸಿನ ಲಿಯೊನ್ ಊರಿನಲ್ಲಿ ನಾಜಿಗಳ ರಹಸ್ಯ ಪೊಲೀಸ್ ಪಡೆ ಗೆಸ್ಟಾಪೊದ ಅಧಿಕಾರಿಯಾಗಿ ಜನರಿಗೆ ಚಿತ್ರಹಿಂಸೆ ಕೊಟ್ಟವನು. 1947ರಲ್ಲಿ ಅಮೆರಿಕನ್ ಸೇನಾ ಗುಪ್ತಚರ ವಿಭಾಗ ಅವನನ್ನು ಕೆಲಸಕ್ಕಿಟ್ಟುಕೊಂಡಿತು. ಫ್ರೆಂಚರು ಒಪ್ಪಿಸಿ ಅಂತ ಕೇಳಿದಾಗ, 1951ರಲ್ಲಿ ಬೇರೆ ಹೆಸರು ಕೊಟ್ಟು ಬೊಲಿವಿಯಾಕ್ಕೆ ಸಾಗಿಸಿತು. 1983ರಲ್ಲಿ ಅಮೆರಿಕ ಸರ್ಕಾರ ತನಿಖೆ ನಡೆಸಿ ಫ್ರಾನ್ಸಿನ ಕ್ಷಮೆ ಕೇಳಿತು. 1987ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ನಿಮ್ಮ ನಾಯಕ ಅಮೆರಿಕನ್ನರ ಪರ ಕೆಲಸ ಮಾಡುವವನಾದರೆ, ಅವನು ಹುಡುಕುತ್ತಿರುವ ಅಪರಾಧಿ ಪಕ್ಕದ ಕೋಣೆಯಲ್ಲೇ ಸಂಬಳ ತಗೊಳ್ಳುತ್ತಿರಬಹುದು.

ಆಗ ಹರಿದಾಡುತ್ತಿದ್ದ ಮಾಹಿತಿಯಲ್ಲಿ ಎಷ್ಟೋ ಪಾಲು ಬೊಗಳೆ ಎನ್ನುವುದೂ ಗೊತ್ತಿರಲಿ. ವಿಯೆನ್ನಾ, ಬರ್ಲಿನ್‌ಗಳಲ್ಲಿ ರಹಸ್ಯ ವರದಿಗಳನ್ನು ಕೂತಲ್ಲೇ ಹೊಸೆದು ಮಾರುವ ಗುಂಪುಗಳಿದ್ದವು. ಹಳೆಯ ಪತ್ರಿಕೆ ಸುದ್ದಿಗೆ ಒಗ್ಗರಣೆ ಹಾಕಿ ಸೋವಿಯತ್ ಸೇನೆಯ ಚಲನವಲನ ಅಂತ ಬರೆಯುವುದು. ಅದನ್ನೇ ಅಮೆರಿಕನ್ನರಿಗೆ ಒಂದು ಸಲ, ಬ್ರಿಟಿಷರಿಗೆ ಒಂದು ಸಲ, ಫ್ರೆಂಚರಿಗೆ ಒಂದು ಸಲ ಮಾರುವುದು. ಮೂರೂ ಕಡೆಯವರು ಹೋಲಿಸಿ ನೋಡಿ, ಮೂರು ಮೂಲಗಳು ಒಂದೇ ಮಾತು ಹೇಳುತ್ತಿವೆ, ಹಾಗಾದರೆ ನಿಜವೇ ಇರಬೇಕು ಅಂತ ತಲೆದೂಗುವುದು. ತಮಾಷೆ ಪ್ರಜ್ಞೆ ಇರುವ ಲೇಖಕರಿಗೆ ಇದು ಹಬ್ಬದ ಊಟ. ವಿಯೆನ್ನಾ ಬಗ್ಗೆ ಇಷ್ಟು ಸಾಕು: ಅಲ್ಲೂ ನಾಲ್ಕು ಪಾಲು, ನಗರದ ನಡುಭಾಗ ಮಾತ್ರ ನಾಲ್ವರದೂ. ಅಲ್ಲಿ ಒಂದೇ ಜೀಪಿನಲ್ಲಿ ನಾಲ್ಕು ದೇಶದ ಸೈನಿಕರು ಗಸ್ತು ತಿರುಗುತ್ತಿದ್ದರು. 1955ರಲ್ಲಿ ಎಲ್ಲರೂ ಗಂಟುಮೂಟೆ ಕಟ್ಟಿದರು.

ಜನರನ್ನು ಎತ್ತಿಕೊಂಡು ಹೋದ ವಿಷಯ. 1952ರ ಜುಲೈ 8ರ ಬೆಳಿಗ್ಗೆ ಪಶ್ಚಿಮ ಬರ್ಲಿನ್‌ನ ಲಿಷ್ಟರ್‌ಫೆಲ್ಡೆಯಲ್ಲಿ ವಾಲ್ಟರ್ ಲಿನ್ಸೆ ಎಂಬ ವಕೀಲ ಕೆಲಸಕ್ಕೆ ಹೊರಟಿದ್ದ. ಪೂರ್ವ ಜರ್ಮನಿಯ ಅನ್ಯಾಯಗಳನ್ನು ದಾಖಲಿಸುವ ಸಂಘಟನೆಯೊಂದರಲ್ಲಿ ಅವನ ಕೆಲಸ. ಮನೆ ಹತ್ತಿರವೇ ಹಿಡಿದು, ಕಾಲಿಗೆ ಗುಂಡು ಹೊಡೆದು, ಟ್ಯಾಕ್ಸಿಯೊಳಗೆ ತಳ್ಳಿ ಗಡಿ ದಾಟಿಸಿದರು. ಆ ಕೆಲಸಕ್ಕೆ ಸ್ಟಾಸಿ ಬಳಸಿದ್ದು ರೌಡಿಗಳನ್ನು. 1953ರ ಡಿಸೆಂಬರ್‌ನಲ್ಲಿ ಮಾಸ್ಕೋದಲ್ಲಿ ಅವನನ್ನು ಗುಂಡಿಟ್ಟು ಕೊಂದರು. ದಶಕಗಳ ಕಾಲ ಅವನು ಹುತಾತ್ಮ. ಆಮೇಲೆ ಹಳೆಯ ಕಡತ ತೆಗೆದ ಇತಿಹಾಸಕಾರರಿಗೆ ಇನ್ನೊಂದು ಮುಖ ಕಂಡಿತು. ನಾಜಿ ಕಾಲದಲ್ಲಿ ಕೆಮ್ನಿಟ್ಸ್ ಊರಿನಲ್ಲಿ ಯಹೂದಿಗಳ ಉದ್ಯಮಗಳನ್ನು ಕಿತ್ತುಕೊಳ್ಳುವ ಕೆಲಸ ನೋಡಿಕೊಂಡಿದ್ದವನೂ ಇವನೇ. ಹಾಗಂತ ಅವನ ಸಾವಿನ ಅನ್ಯಾಯ ಅಳಿಯಿತೇ? ಇಲ್ಲ. ಎರಡೂ ಒಂದೇ ಮನುಷ್ಯನ ಕಥೆ. ಎದುರಿಗೆ ಕೂತವನು ನಿಜವಾಗಿ ಯಾರು ಎಂದು ನಾನು ಮೊದಲೇ ಹೇಳಿದ ಪ್ರಶ್ನೆಗೆ ಇದಕ್ಕಿಂತ ಕಷ್ಟದ ಉದಾಹರಣೆ ಸಿಗುವುದಿಲ್ಲ.

ಆಟೋ ಯಾನ್ ಪ್ರಕರಣವಂತೂ ಇಂದಿಗೂ ಬಿಡಿಸಲಾಗದ ಗಂಟು. ಅವನು ಪಶ್ಚಿಮ ಜರ್ಮನಿಯ ಆಂತರಿಕ ಗುಪ್ತಚರ ಸಂಸ್ಥೆಯ ಮುಖ್ಯಸ್ಥ. ಹಿಟ್ಲರನನ್ನು ಕೊಲ್ಲಲು ಯತ್ನಿಸಿದವರ ಜೊತೆಗಿದ್ದವನು, ಅವನ ತಮ್ಮನೂ ಆ ಕಾರಣಕ್ಕೆ ಪ್ರಾಣ ಕಳೆದುಕೊಂಡಿದ್ದ. 1954ರ ಜುಲೈ 20ರಂದು, ಆ ಯತ್ನದ ಹತ್ತನೇ ವರ್ಷದ ಸ್ಮರಣೆಗೆ ಬರ್ಲಿನ್‌ಗೆ ಬಂದ. ಅದೇ ರಾತ್ರಿ ಪರಿಚಯದ ವೈದ್ಯನೊಬ್ಬನ ಜೊತೆ ಕಾರಿನಲ್ಲಿ ಪೂರ್ವಕ್ಕೆ ಹೋದವನು ಕಾಣೆಯಾದ. ಮೂರು ದಿನದಲ್ಲಿ ಪೂರ್ವ ಜರ್ಮನಿಯ ರೇಡಿಯೊದಲ್ಲಿ ಅವನದೇ ಧ್ವನಿ: ಬಾನ್‌ನಲ್ಲಿರುವ ಪಶ್ಚಿಮ ಜರ್ಮನ್ ಸರ್ಕಾರದಲ್ಲಿ ನಾಜಿಗಳು ತುಂಬಿದ್ದಾರೆ, ಅದಕ್ಕೇ ಬಂದೆ. 1955ರ ಡಿಸೆಂಬರ್‌ನಲ್ಲಿ ಡೆನ್ಮಾರ್ಕಿನ ಪತ್ರಕರ್ತನೊಬ್ಬನ ಸಹಾಯದಿಂದ ತಪ್ಪಿಸಿಕೊಂಡು ಪಶ್ಚಿಮಕ್ಕೆ ಬಂದ. ಮತ್ತು ಬರಿಸುವ ಔಷಧ ಕೊಟ್ಟು ಎತ್ತಿಕೊಂಡು ಹೋದರು ಅಂದ. ನ್ಯಾಯಾಲಯ ನಂಬಲಿಲ್ಲ, ನಾಲ್ಕು ವರ್ಷ ಶಿಕ್ಷೆ ಕೊಟ್ಟಿತು. 1997ರಲ್ಲಿ ಸಾಯುವವರೆಗೂ ತಾನು ನಿರಪರಾಧಿ ಅಂತಲೇ ಹೇಳುತ್ತಿದ್ದ. ನನಗೆ ಅನ್ನಿಸುವುದು: ಅವನು ಮಾತುಕತೆಗೆ ಅಂತ ತಾನಾಗಿ ಗಡಿ ದಾಟಿದ, ವಾಪಸು ಬರಲು ಅವರು ಬಿಡಲಿಲ್ಲ. ನಿಮಗೆ ಬೇರೆ ರೀತಿ ಅನ್ನಿಸಬಹುದು. ಕಾದಂಬರಿಕಾರರಿಗೆ ಬೇಕಾದದ್ದೂ ಅದೇ ಅಲ್ವಾ?

ಮುಚ್ಚಿದ ಕೋಣೆಯ ರಹಸ್ಯದಂಥ ಪ್ರಸಂಗ ಬೇಕಿದ್ದರೆ ಇಸ್ತಾಂಬುಲ್‌ಗೆ ಹೋಗಿ. 1945ರ ಆಗಸ್ಟ್ ಕೊನೆಯಲ್ಲಿ ಕಾನ್‌ಸ್ಟಾಂಟಿನ್ ವೋಲ್ಕೊವ್ ಎಂಬ ಸೋವಿಯತ್ ಅಧಿಕಾರಿ ಬ್ರಿಟಿಷ್ ದೂತಾವಾಸವನ್ನು ಸಂಪರ್ಕಿಸಿದ. ಹಣ ಮತ್ತು ಆಶ್ರಯ ಕೊಟ್ಟರೆ ಲಂಡನ್ನಿನಲ್ಲಿರುವ ಸೋವಿಯತ್ ಗೂಢಚಾರರ ಹೆಸರು ಹೇಳುತ್ತೇನೆ ಅಂದ. ಅವರಲ್ಲೊಬ್ಬ ಗೂಢಚಾರರನ್ನು ಹಿಡಿಯುವ ವಿಭಾಗದಲ್ಲೇ ದೊಡ್ಡ ಹುದ್ದೆಯಲ್ಲಿದ್ದಾನೆ ಅಂದ. ನಿಮ್ಮ ಸಂಕೇತ ಸಂದೇಶಗಳನ್ನು ನಮ್ಮವರು ಓದುತ್ತಿದ್ದಾರೆ, ಆದ್ದರಿಂದ ತಂತಿ ಕಳಿಸಬೇಡಿ ಅಂತಲೂ ಎಚ್ಚರಿಸಿದ. ಸರಿ, ಪತ್ರ ಅಂಚೆಚೀಲದಲ್ಲಿ ನಿಧಾನವಾಗಿ ಲಂಡನ್ ಸೇರಿತು. ಅಲ್ಲಿ ಅದು ಹೋಗಿ ಬಿದ್ದದ್ದು ಬ್ರಿಟಿಷ್ ಗುಪ್ತಚರ ಅಧಿಕಾರಿ ಕಿಮ್ ಫಿಲ್ಬಿಯ ಮೇಜಿನ ಮೇಲೆ. ವೋಲ್ಕೊವ್ ಸುಳಿವು ಕೊಟ್ಟ ಆ ಮನುಷ್ಯ ಫಿಲ್ಬಿಯೇ. ಈ ಕೆಲಸ ನಾನೇ ನೋಡಿಕೊಳ್ಳುತ್ತೇನೆ ಅಂತ ಒಪ್ಪಿಸಿಕೊಂಡು, ಮಾಸ್ಕೋಗೆ ಸುದ್ದಿ ಮುಟ್ಟಿಸಿ, ತಡಮಾಡಿ ಇಸ್ತಾಂಬುಲ್ ತಲುಪಿದ. ಅಷ್ಟರಲ್ಲಿ ವೋಲ್ಕೊವ್‌ನನ್ನು ಪ್ರಜ್ಞೆ ತಪ್ಪಿಸಿ, ಬ್ಯಾಂಡೇಜ್ ಸುತ್ತಿ, ಸ್ಟ್ರೆಚರ್‌ನಲ್ಲಿ ಮಲಗಿಸಿ ಸೋವಿಯತ್ ವಿಮಾನಕ್ಕೆ ಹತ್ತಿಸಿಯಾಗಿತ್ತು. ಫಿಲ್ಬಿ ಮಾಸ್ಕೋಗೆ ಓಡಿದ್ದು 1963ರಲ್ಲಿ.

ಸುರಂಗವನ್ನು ಬಿಟ್ಟರೆ ನೀವು ಬೇಜಾರು ಮಾಡಿಕೊಳ್ಳುತ್ತೀರಿ. ಅಮೆರಿಕನ್ ಭಾಗದ ರುಡೋ ಬಳಿ ರೇಡಾರ್ ಕೇಂದ್ರದ ವೇಷದಲ್ಲಿ ಒಂದು ಗೋದಾಮು ಕಟ್ಟಿ, ಅದರ ನೆಲಮಾಳಿಗೆಯಿಂದ ಸೋವಿಯತ್ ಭಾಗದ ಆಲ್ಟ್‌ಗ್ಲಿನಿಕೆಯತ್ತ ಸುಮಾರು 450 ಮೀಟರ್ ಕೊರೆದರು. ಅಗೆದ ಮಣ್ಣು ಹೊರಗೆ ಹಾಕಿದರೆ ಗುಟ್ಟು ರಟ್ಟು, ಹಾಗಾಗಿ ನೆಲಮಾಳಿಗೆಯಲ್ಲೇ ತುಂಬಿದರು. ಚಳಿಗಾಲದಲ್ಲಿ ಒಳಗಿನ ಯಂತ್ರಗಳ ಶಾಖಕ್ಕೆ ಮೇಲಿನ ಹಿಮ ಕರಗಿ, ನೆಲದ ಮೇಲೆ ಸುರಂಗದ ಗೆರೆ ಮೂಡುವ ಅಪಾಯ ಬಂತು. ತಂಪು ಮಾಡುವ ವ್ಯವಸ್ಥೆ ಹಾಕಬೇಕಾಯಿತು. 1955ರ ಮೇಯಿಂದ 1956ರ ಏಪ್ರಿಲ್‌ವರೆಗೆ ಸೋವಿಯತ್ ಸೇನೆಯ ದೂರವಾಣಿ ತಂತಿಗಳಿಂದ ಸುಮಾರು 40,000 ಗಂಟೆಗಳ ಮಾತು ಟೇಪಿಗೆ ಹತ್ತಿತು.

ಈ ಯೋಜನೆಯ ಮೊದಲ ಸಭೆ ಲಂಡನ್ನಿನಲ್ಲಿ ನಡೆದಾಗ ಟಿಪ್ಪಣಿ ಬರೆದುಕೊಳ್ಳುತ್ತಿದ್ದ ಬ್ರಿಟಿಷ್ ಗುಪ್ತಚರ ಅಧಿಕಾರಿ ಜಾರ್ಜ್ ಬ್ಲೇಕ್. ಅವನು ಮಾಸ್ಕೋದ ಆಳು. ಸುರಂಗಕ್ಕೆ ಗುದ್ದಲಿ ಬೀಳುವ ಮೊದಲೇ ಕೆಜಿಬಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದರು! ನಿಲ್ಲಿಸಿದರೆ ಬ್ಲೇಕ್ ಸಿಕ್ಕಿಬೀಳುತ್ತಾನೆ. ತಮ್ಮ ಸೇನೆಗೂ ಎಚ್ಚರಿಕೆ ಕೊಡಲಿಲ್ಲ. ಹಾಗಾಗಿ ಟೇಪಿಗೆ ಹತ್ತಿದ ಮಾತುಗಳು ನಿಜವಾದವೇ. ಕೊನೆಗೆ 1956ರ ಏಪ್ರಿಲ್‌ನಲ್ಲಿ ಜೋರು ಮಳೆಗೆ ತಂತಿಗಳು ಕೆಟ್ಟವು, ರಿಪೇರಿ ನೆಪದಲ್ಲಿ ಅಗೆದು 'ಅಕಸ್ಮಾತ್' ಪತ್ತೆ ಹಚ್ಚಿದರು. ಬ್ಲೇಕ್ ಸಿಕ್ಕಿಬಿದ್ದದ್ದು 1961ರಲ್ಲಿ. 42 ವರ್ಷ ಶಿಕ್ಷೆಯಾಯಿತು. 1966ರಲ್ಲಿ ಲಂಡನ್ ಜೈಲಿನಿಂದ ತಪ್ಪಿಸಿಕೊಂಡು ಮಾಸ್ಕೋ ಸೇರಿ, 2020ರಲ್ಲಿ ಅಲ್ಲೇ ತೀರಿಕೊಂಡ.

ಭಾರತೀಯ ಪಾತ್ರಕ್ಕೆ ಜಾಗ ಇದೆ, ಆದರೆ ಎಳೆದು ತಂದು ಕೂರಿಸಬೇಡಿ. ಯುದ್ಧಕಾಲದಲ್ಲಿ ಸುಭಾಷ್‌ಚಂದ್ರ ಬೋಸರು ಬರ್ಲಿನ್‌ನಲ್ಲಿ ಸ್ವತಂತ್ರ ಭಾರತ ಕೇಂದ್ರ ನಡೆಸಿದ್ದರು. ಅವರು 1943ರಲ್ಲಿ ಹೊರಟ ಮೇಲೆ ಅದನ್ನು ನೋಡಿಕೊಂಡದ್ದು ಕೇರಳದ ಎ.ಸಿ.ಎನ್. ನಂಬಿಯಾರ್. 1945ರಲ್ಲಿ ಅವರು ಆಸ್ಟ್ರಿಯಾದಲ್ಲಿ ಬಂಧನಕ್ಕೊಳಗಾದರು. ಮುಂದೆ ಪಶ್ಚಿಮ ಜರ್ಮನಿಗೇ ಭಾರತದ ರಾಯಭಾರಿಯಾದರು. 2014ರಲ್ಲಿ ಬ್ರಿಟನ್ ಬಿಡುಗಡೆ ಮಾಡಿದ ಕಡತಗಳಲ್ಲಿ, ಅವರು 1920ರ ದಶಕದಿಂದ ಸೋವಿಯತ್ ಪರ ಗೂಢಚಾರರಾಗಿದ್ದರೆಂಬ ಆರೋಪವೂ ಇದೆ. ಆರೋಪ ಮಾತ್ರ, ಯಾವ ನ್ಯಾಯಾಲಯವೂ ಹೇಳಿದ್ದಲ್ಲ. ಹಾಗಾಗಿ ಅವರನ್ನೇ ಪಾತ್ರ ಮಾಡುವ ಬದಲು, ಆ ಕೇಂದ್ರದಲ್ಲಿ ಟೈಪಿಸ್ಟೋ ರೇಡಿಯೊ ವಾರ್ತೆ ಓದುವವನೋ ಆಗಿದ್ದ ಒಬ್ಬನನ್ನು ಕಲ್ಪಿಸಿಕೊಳ್ಳಿ. ಯುದ್ಧ ಮುಗಿದಾಗ ಅವನು ಬ್ರಿಟಿಷರ ಕಣ್ಣಿಗೆ ದೇಶದ್ರೋಹಿ, ಊರಿನಲ್ಲಿ ದೇಶಭಕ್ತ, ಬರ್ಲಿನ್‌ನಲ್ಲಿ ರೇಷನ್ ಕಾರ್ಡೂ ಇಲ್ಲದ ಪರದೇಶಿ. ಅವನ ಕೈಗೆ ಯಾವ ಪತ್ರ ಕೊಟ್ಟು ಯಾವ ಹೆಸರಿನಲ್ಲಿ ಉಳಿಸುತ್ತೀರಿ, ಅದು ನಿಮಗೆ ಬಿಟ್ಟದ್ದು.

ಮುಖ್ಯಪಾತ್ರಕ್ಕೆ ಪೊಲೀಸನಿಗಿಂತ ದುಭಾಷಿ ಒಳ್ಳೆಯ ಆಯ್ಕೆ ಅಂತ ನನಗೆ ಅನ್ನಿಸುತ್ತದೆ. ವಿಚಾರಣೆ ನಡೆಸುವ ಅಮೆರಿಕನ್ ಅಧಿಕಾರಿಗಳಲ್ಲಿ ಬಹುಪಾಲು ಜನರಿಗೆ ಜರ್ಮನ್ ಬರುತ್ತಿರಲಿಲ್ಲ. ಹಿಟ್ಲರನ ಕಾಲದಲ್ಲಿ ಓಡಿಹೋಗಿ, ಅಮೆರಿಕನ್ ಸಮವಸ್ತ್ರದಲ್ಲಿ ವಾಪಸು ಬಂದ ಯಹೂದಿ ಯುವಕರು ಆ ಕೆಲಸ ಮಾಡಿದರು. ತನ್ನ ಹಳೆಯ ಬೀದಿಯವನನ್ನೇ ಎದುರು ಕೂರಿಸಿಕೊಂಡು 131 ಪ್ರಶ್ನೆ ಕೇಳುವವನು ಕೊಲೆಗಾರನನ್ನು ಹುಡುಕುವುದು ಆಮೇಲಿನ ಮಾತು.

ಮೊದಲ ಪುಸ್ತಕವನ್ನು 1946ರ ಅಕ್ಟೋಬರ್‌ಗೆ ಇಡಿ. ಅಕ್ಟೋಬರ್ 20ರಂದು ಬರ್ಲಿನ್ ನಗರಸಭೆ ಚುನಾವಣೆಯಲ್ಲಿ ರಷ್ಯನ್ನರ ಬೆಂಬಲದ ಪಕ್ಷ ಸೋತಿತು. 22ರ ನಸುಕಿನಲ್ಲಿ ಸೋವಿಯತ್ ಸೈನಿಕರು ತಮ್ಮ ವಲಯದ ಮನೆಗಳ ಬಾಗಿಲು ತಟ್ಟಿದರು. 2000ಕ್ಕೂ ಹೆಚ್ಚು ವಿಜ್ಞಾನಿ, ಎಂಜಿನಿಯರ್, ತಂತ್ರಜ್ಞರನ್ನು ಹೆಂಡತಿ ಮಕ್ಕಳು, ಕುರ್ಚಿ ಮೇಜು ಸಮೇತ ರೈಲಿಗೆ ಹತ್ತಿಸಿದರು. ರಾಕೆಟ್ ತಜ್ಞ ಹೆಲ್ಮುಟ್ ಗ್ರೋಟ್ರುಪ್ ಮತ್ತವನ ತಂಡಕ್ಕೆ ಹಿಂದಿನ ರಾತ್ರಿ ರಷ್ಯನ್ ಜನರಲ್ ಪಾರ್ಟಿ ಕೊಟ್ಟಿದ್ದ. ಆ ನಸುಕಿನಲ್ಲಿ ಪಟ್ಟಿಯಲ್ಲಿದ್ದ ಒಬ್ಬ ಎಂಜಿನಿಯರ್ ಮನೆಯಲ್ಲಿ ಇಲ್ಲ, ಅವನ ಹೆಸರು ಹೇಳಿಕೊಂಡು ಇನ್ನೊಬ್ಬ ರೈಲು ಹತ್ತಿದ್ದಾನೆ ಅಂತ ಇಟ್ಟುಕೊಳ್ಳಿ. ಯಾಕೆ ಹತ್ತಿದ? ಅಸಲಿಯವನು ಎಲ್ಲಿ? ಒಂದು ಪುಸ್ತಕಕ್ಕೆ ಇಷ್ಟು ಸಾಕು. ಎರಡನೆಯದು 1948ರ ಎರಡು ಪೊಲೀಸ್ ಪಡೆಗಳ ಬೇಸಿಗೆ. ಮೂರನೆಯದು 1953, ಜೂನ್ 17ರಂದು ಪೂರ್ವದಲ್ಲಿ ಕಾರ್ಮಿಕರು ದಂಗೆಯೆದ್ದ ವರ್ಷ. ಅದೇ ವರ್ಷ ಮಾರಿಯನ್‌ಫೆಲ್ಡೆಯಲ್ಲಿ ನಿರಾಶ್ರಿತರ ಕೇಂದ್ರ ತೆರೆಯಿತು. ಪೂರ್ವದಿಂದ ಬಂದವರು ಅಲ್ಲಿ ಕೋಣೆಯಿಂದ ಕೋಣೆಗೆ ಹೋಗಿ ಒಂದು ಚೀಟಿಗೆ ಸೀಲು ಹಾಕಿಸಿಕೊಳ್ಳಬೇಕಿತ್ತು. ಆ ಕೋಣೆಗಳಲ್ಲಿ ಕೆಲವು ಗುಪ್ತಚರ ಸಂಸ್ಥೆಗಳವು. ಕೊನೆಯದು 1956ರ ಸುರಂಗ. ಗೋಡೆಯವರೆಗೆ ಎಳೆಯಬೇಡಿ, ಗೋಡೆ ಬಂದ ಮೇಲೆ ಈ ಆಟದ ನಿಯಮವೇ ಬೇರೆ.

ಓದಿಗೆ ಕೂರುವುದಾದರೆ ಸುರಂಗದ ಬಗ್ಗೆ ಸಿಐಎ ತಾನೇ ಬರೆಸಿದ ಒಳಗಿನ ಇತಿಹಾಸದಿಂದ ಶುರು ಮಾಡಿ. ಅದನ್ನು ಈಗ ಬಹಿರಂಗ ಮಾಡಿದ್ದಾರೆ, ದುಡ್ಡು ಕೊಡದೆ ಓದಬಹುದು. ಬರ್ಲಿನ್‌ಗೆ ಹೋಗುವ ಅವಕಾಶ ಸಿಕ್ಕರೆ ಡಾಲೆಮ್‌ನಲ್ಲಿ ಮಿತ್ರರಾಷ್ಟ್ರಗಳ ವಸ್ತುಸಂಗ್ರಹಾಲಯ ಇದೆ. ಸುರಂಗದ ಒಂದು ತುಂಡನ್ನು ಅಲ್ಲಿ ಇಟ್ಟಿದ್ದಾರೆ. ಅದರ ಅಗಲ ನೋಡಿದ ಮೇಲೆ, ಒಳಗೆ ಹೊಡೆದಾಟದ ದೃಶ್ಯ ಬರೆಯುವ ಯೋಚನೆ ಇದ್ದರೆ ನೀವೇ ಕೈಬಿಡುತ್ತೀರಿ.